ನೀರುಗಂಟಮ್ಮನ ಕೊನೆಯ ಐದು ಕ್ರೆಡಿಟ್

ಕಾಲುವೆಗೆ ನೀರು ಬಿಟ್ಟು ಹತ್ತು ದಿನವಾಗಿತ್ತು. ಏಪ್ರಿಲ್ ತಿಂಗಳಾದರೂ ಬೆಳಗಿನ ಚಳಿ ಇನ್ನೂ ಕಿವಿ ಕಚ್ಚುತ್ತಿತ್ತು. ಆರ್ವಿಡ್ ಟ್ವೈಟ್ ಕಾಫಿ ಕುಡಿದು ತನ್ನ ತೂಬಿನ ಹತ್ತಿರ ಬಂದಾಗ ನೀರುಗಂಟಿಯ ಬಿಳಿ ಪಿಕಪ್ ಗಾಡಿ ದಂಡೆಯ ಮೇಲೆ ನಿಂತಿತ್ತು. ನೀರುಗಂಟಿ ಮಾತ್ರ ಗಾಡಿಯಿಂದ ಇಳಿದಿರಲಿಲ್ಲ.

ಆರ್ವಿಡನಿಗೆ ಎಪ್ಪತ್ತನಾಲ್ಕು. ಹನ್ನೆರಡನೇ ಉಪಕಾಲುವೆಯ ನಡುಭಾಗದಲ್ಲಿ ಅವನ ಜಮೀನು; ಎಲ್ಲವೂ ಕುದುರೆ ಮಸಾಲೆ ಹುಲ್ಲು. ಅವನ ತೂಬಿನಿಂದ ಇಪ್ಪತ್ತು ಹೆಜ್ಜೆ ಕೆಳಗೆ ಕಾಲುವೆ ರಸ್ತೆಯಡಿಯ ಕೊಳವೆಯೊಳಗೆ ಇಳಿಯುತ್ತಿತ್ತು. ಕೊಳವೆಯ ಬಾಯಿಗೆ ಕಸ ತಡೆಯುವ ಕಬ್ಬಿಣದ ಜಾಲರಿ. ತೂಬಿಗೆ ಸರಪಳಿ, ಸರಪಳಿಗೆ ಬೀಗ. ಆ ಬೀಗ ಹಾಕಿದವಳು ಗಾಡಿಯಲ್ಲಿ ಕುಳಿತಿದ್ದ ಒಡಿಲಿಯಾ ಬರಗಾನ್.

ಹನ್ನೊಂದು ವರ್ಷದ ಹಿಂದೆ, ಜುಲೈ ಬಿಸಿಲಿಗೆ ಹುಲ್ಲು ಬಾಡುತ್ತಿದ್ದಾಗ, ಆರ್ವಿಡ್ ತನ್ನ ತೂಬಿನ ಮೇಲ್ಹಲಗೆಯನ್ನು ಎರಡು ಅಂಗುಲ ಎತ್ತಿಕೊಂಡಿದ್ದ. ಸಂಜೆಯೊಳಗೆ ಮತ್ತೆ ಇಳಿಸಿಯೂ ಇದ್ದ. ಆದರೆ ಒಡಿಲಿಯಾ ಬಂದು ಹಲಗೆಯ ಮೇಲಿನ ಹಸಿ ಗೆರೆ ನೋಡಿದಳು. ಗಾಡಿಯಿಂದ ಸರಪಳಿ ತಂದು ಬಿಗಿದಳು. ಅಂದಿನಿಂದ ಇಬ್ಬರ ನಡುವೆ ಮಾತು ಅಂದರೆ ಎಷ್ಟು ನೀರು, ಯಾವಾಗಿನಿಂದ ಯಾವಾಗಿನವರೆಗೆ, ಅಷ್ಟೇ.

ಆರ್ವಿಡ್ ಗಾಜು ತಟ್ಟಿದ.

"ಏನಮ್ಮಾ, ಇಲ್ಲೇ ಮನೆ ಮಾಡ್ಬಿಟ್ಯಾ? ನನ್ನ ನೀರು ಆರು ಗಂಟೆಗೆ ಅಂತ ಹೇಳಿದ್ದು."

"ಇನ್ನೂ ಐದೂ ಮುಕ್ಕಾಲು, ದೋನ್ ಆರ್ವಿಡ್," ಎಂದಳು ಅವಳು, ತೊಡೆಯ ಮೇಲಿದ್ದ ದಪ್ಪ ಪುಸ್ತಕದಿಂದ ತಲೆಯೆತ್ತದೆ. ತನ್ನ ಊರಿನ ಹಿರಿಯರಿಗೆ ಕೊಡುವ ಆ 'ದೋನ್' ಅನ್ನು ಅವಳು ಅವನಿಗೆ ಮರ್ಯಾದೆಗೆ ಕೊಡುತ್ತಾಳೋ ಗೇಲಿಗೆ ಕೊಡುತ್ತಾಳೋ ಅವನಿಗೆ ಇಪ್ಪತ್ತೊಂದು ವರ್ಷದಲ್ಲಿ ತಿಳಿದಿರಲಿಲ್ಲ. "ಹದಿನೈದು ನಿಮಿಷ ನನ್ನದು. ಓದ್ಕೋಬೇಕು."

"ಏನದು, ಬೈಬಲ್ಲಾ?"

"ಭೌತಶಾಸ್ತ್ರ."

ಆರ್ವಿಡ್ ಗಾಡಿಯೊಳಗೆ ಇಣುಕಿದ. ಎದುರುಗಾಜಿನ ಕೆಳಗೆ ಒಂದು ಹಾಳೆ ಅಂಟಿಸಿತ್ತು. ಬಿಸಿಲಿಗೆ ಹಳದಿಯಾಗಿದ್ದ ಹಾಳೆ, ಸಾಲು ಸಾಲಾಗಿ ಬರಹ, ಒಂದೊಂದು ಸಾಲಿನ ಪಕ್ಕಕ್ಕೂ ನೀಲಿ ಪೆನ್ನಿನ ಗೀಟು. ಕೆಳಗಿನಿಂದ ಎರಡನೇ ಸಾಲಿಗೆ ಮಾತ್ರ ಗೀಟಿರಲಿಲ್ಲ.

"ಪಟ್ಟಣದ ಸಮುದಾಯ ಕಾಲೇಜಿಂದು," ಎಂದಳು ಒಡಿಲಿಯಾ. "ಬ್ಯಾಚುಲರ್ ಪದವಿಗೆ ಏನೇನು ಬೇಕು ಅಂತ."

"ಆ ಕಾಲೇಜಲ್ಲೆಲ್ಲಿದೆ ಬ್ಯಾಚುಲರ್ ಪದವಿ? ನಾನೂ ಹೋಗಿದ್ದೀನಲ್ಲ. ಎರಡು ತಗಡಿನ ಕೊಟ್ಟಿಗೆ ಇತ್ತು. ಒಂದರಲ್ಲಿ ವೆಲ್ಡಿಂಗ್, ಇನ್ನೊಂದರಲ್ಲಿ ದಾದಿಯರು. ನಾವು ವೆಲ್ಡಿಂಗ್‌ನವರು ದಾದಿಯರ ಕೊಟ್ಟಿಗೆ ಬಾಗಿಲು ರಿಪೇರಿ ಮಾಡೋಕೆ ಪೈಪೋಟಿ ಮಾಡ್ತಿದ್ವಿ."

"ಈಗ ಕೊಡ್ತಾರೆ. ನಾಲ್ಕು ವರ್ಷದ್ದೇ, ದೊಡ್ಡ ವಿಶ್ವವಿದ್ಯಾಲಯದಲ್ಲಿ ಕೊಡೋ ಹಾಗೇ."

"ಹಾಗಾದ್ರೆ ನಾಲ್ಕು ವರ್ಷದಿಂದ ಓದ್ತಿದ್ದೀಯ?"

"ಒಂಬತ್ತು." ಅವಳು ಪುಸ್ತಕ ಮುಚ್ಚಿದಳು. "ಕಾಲುವೆ ಬತ್ತಿದ ಮೇಲೆ ಎರಡು ವಿಷಯ, ಚಳಿಗಾಲಕ್ಕೆ ಎರಡು ವಿಷಯ. ವಸಂತ ಬಂತೂಂದ್ರೆ ನೀರು ಬರತ್ತೆ, ಓದು ಬಂದ್. ಒಟ್ಟು ನೂರ ಎಂಬತ್ತು ಕ್ರೆಡಿಟ್ ಆಗ್ಬೇಕು. ಅದರಲ್ಲಿ ಅರವತ್ತು ಮೇಲಿನ ಎರಡು ವರ್ಷದ ಮಟ್ಟದ್ದು. ನಲವತ್ತೈದಾದರೂ ಇದೇ ಕಾಲೇಜಲ್ಲಿ ಗಳಿಸಿರ್ಬೇಕು, ಬೇರೆ ಕಡೆಯಿಂದ ಹೊತ್ತು ತಂದ್ರೆ ಆಗಲ್ಲ. ಅಂಕದ ಸರಾಸರಿ ಬೀಳಬಾರ್ದು. ಬರವಣಿಗೆ, ಗಣಿತ, ಚರಿತ್ರೆ, ಭಾಷಣ, ಎಲ್ಲದರಲ್ಲೂ ಒಂದೊಂದು ತುತ್ತು ತಿನ್ಬೇಕು. ಎಲ್ಲಾ ಆಯ್ತು."

"ಆಗಿಲ್ಲ. ಇದೊಂದಕ್ಕೆ ಗೀಟು ಹೊಡೆದಿಲ್ಲ ನೀನು."

ಒಡಿಲಿಯಾ ಕಿಟಕಿಯಾಚೆ ನೀರಿನತ್ತ ನೋಡಿದಳು.

"ಪ್ರಯೋಗಶಾಲೆ ಇರೋ ವಿಜ್ಞಾನ, ಐದು ಕ್ರೆಡಿಟ್. ನಾನು ವಿಜ್ಞಾನ ಹತ್ತು ಕ್ರೆಡಿಟ್ ಮುಗಿಸಿದ್ದೆ. ರಸ್ತೆ ಮೇಲೆ ಹಿಮಗಟ್ಟಿರತ್ತಲ್ಲ ಅಂತ ಚಳಿಗಾಲದಲ್ಲಿ ಮನೇಲೇ ಕಂಪ್ಯೂಟರ್ ಮುಂದೆ ಕೂತು ಮುಗಿಸಿದ್ದು. ಹೋದ ಡಿಸೆಂಬರಲ್ಲಿ ಕಾಲೇಜಿನ ದಾಖಲೆ ಕಿಟಕಿಯ ಹೆಂಗಸು ಕರೆದು, 'ಒಡಿಲಿಯಾ, ಇವೆರಡರಲ್ಲೂ ಪ್ರಯೋಗ ಇರಲಿಲ್ಲ. ಒಂದರಲ್ಲಾದ್ರೂ ಕೈ ಒದ್ದೆ ಆಗಿರ್ಬೇಕು,' ಅಂದ್ಳು. ಇಪ್ಪತ್ತೊಂದು ವರ್ಷದಿಂದ ಕೈ ಒದ್ದೇನೇ ಇದೆ ತಾಯೀ ಅಂದೆ. ಅದಕ್ಕೆ ಕ್ರೆಡಿಟ್ ಇಲ್ವಂತೆ."

ಆರ್ವಿಡ್ ನಕ್ಕುಬಿಟ್ಟ. ತನಗೇ ಆಶ್ಚರ್ಯವಾಯಿತು.

"ಈ ಪಾಠ ಇರೋದು ವಸಂತದಲ್ಲಿ ಮಾತ್ರ. ಮಂಗಳವಾರ, ಗುರುವಾರ ಹತ್ತು ಗಂಟೆಗೆ. ನೀರಾವರಿ ಆಫೀಸಿನವರು ಹೋಗಿ ಬಾ ಅಂದಿದ್ದಾರೆ, ಕಾಲುವೆ ಮೇಲೆ ಏನೂ ಕೆಡದಿದ್ರೆ. ಜೂನಲ್ಲಿ ಮುಗೀದಿದ್ರೆ ಮುಂದಿನ ವಸಂತ. ಆದ್ರೆ ನೀರಿನ ಮೇಲ್ವಿಚಾರಕರು ಜೂನಿಗೇ ನಿವೃತ್ತಿ. ಆ ಜಾಗಕ್ಕೆ ಪದವಿ ಇಲ್ದೇ ಇರೋರ ಅರ್ಜಿ ನೀರಾವರಿ ಮಂಡಳಿ ಮುಟ್ಟಿ ಕೂಡ ನೋಡಲ್ಲ." ಅವಳು ಗಡಿಯಾರ ನೋಡಿ ಇಳಿದಳು. "ಆರು ಗಂಟೆ. ನಿಮ್ಮ ನೀರು."

ಬೀಗ ತೆಗೆದು, ಹಲಗೆ ಎತ್ತಿ, ಅಳತೆಕೋಲು ಇಳಿಬಿಟ್ಟು ನೋಡಿದಳು. ಕೋಲು ಮೇಲೆತ್ತಿ ಒರೆಸಿ ಮತ್ತೊಮ್ಮೆ ಇಳಿಬಿಟ್ಟಳು. ಎರಡೆರಡು ಸಲ ಅಳೆಯುವುದು ತನ್ನ ಮೇಲಿನ ಅನುಮಾನಕ್ಕೆ ಎಂದು ಆರ್ವಿಡ್ ಇಷ್ಟು ವರ್ಷ ಅಂದುಕೊಂಡಿದ್ದ. ಅಂದು ನಿಂತು ಗಮನಿಸಿದ. ಕೆಳಗಿನ ಪುದೀನ ಬೆಳೆಯುವವನ ತೂಬಿನಲ್ಲೂ ಅವಳು ಹಾಗೆಯೇ ಮಾಡಿದಳು.

ಮನೆಗೆ ಬಂದು ಹೆಂಡತಿ ಲೊವಿನಾಗೆ ಹೇಳಿದ. "ಬರಗಾನನ ಮಗಳು ಕಾಲೇಜು ಓದ್ತಿದ್ದಾಳೆ, ಗೊತ್ತಾ ನಿಂಗೆ?"

"ಈ ತಾಲ್ಲೂಕಿಗೇ ಗೊತ್ತು," ಎಂದಳು ಲೊವಿನಾ. ಮೂವತ್ತು ವರ್ಷ ಶಾಲೆಯ ಅಡುಗೆಮನೆ ನಡೆಸಿದ ಅವಳಿಗೆ ಊರಿನ ಸುದ್ದಿಯೆಲ್ಲ ಬಾಯಿಪಾಠ. "ಹೋದ ಜನವರಿ ಹಿಮಗಾಳೀಲಿ ನಲವತ್ತು ಮೈಲಿ ಗಾಡಿ ಹೊಡ್ಕೊಂಡು ಹೋಗಿ ಚರಿತ್ರೆ ಪರೀಕ್ಷೆ ಬರೆದು ಬಂದ್ಳು. ನೀನು ಅವತ್ತು ಟಪಾಲು ಪೆಟ್ಟಿಗೇವರ್ಗೂ ಹೋಗಿರಲಿಲ್ಲ."

"ನಲವತ್ತೆಂಟು ವರ್ಷಕ್ಕೆ ಯಾಕೆ ಬೇಕು?"

"ನೀನು ಎಪ್ಪತ್ತನಾಲ್ಕಕ್ಕೆ ಹೊಸ ಟ್ರ್ಯಾಕ್ಟರ್ ಯಾಕೆ ತಗೊಂಡೆ?"

ಆರ್ವಿಡ್ ಟೊಪ್ಪಿ ಹಾಕಿಕೊಂಡು ಟ್ರ್ಯಾಕ್ಟರಿನ ಕಡೆ ನಡೆದ.

ಆಮೇಲೆ ಮಂಗಳವಾರ, ಗುರುವಾರ ಒಂಬತ್ತು ಗಂಟೆ ಸುಮಾರಿಗೆ ಅವನ ಕಣ್ಣು ತಾನಾಗಿ ರಸ್ತೆಯ ಕಡೆ ಹೊರಳತೊಡಗಿತು. ಬೆಳಕು ಹರಿಯುವ ಮೊದಲೇ ಹೊರಟು ಮೂವತ್ತೆರಡು ತೂಬು ಸುತ್ತಿ ಮುಗಿಸಿದ ಬಿಳಿ ಗಾಡಿ ಧೂಳೆಬ್ಬಿಸುತ್ತ ಪಟ್ಟಣದ ಕಡೆ ಹೋಗುತ್ತಿತ್ತು. ಎರಡು ಗಂಟೆಗೆ ಮತ್ತೆ ಬಂದು ದಂಡೆ ಹಿಡಿದು ಕೆಳಗಿಳಿಯುತ್ತಿತ್ತು. ನಡುವಿನ ಆ ಹೊತ್ತಿನಲ್ಲಿ ಆರ್ವಿಡನಿಗೆ ಕಾಲುವೆ ಯಜಮಾನರಿಲ್ಲದ ಮನೆಯ ಹಾಗೆ ಕಾಣುತ್ತಿತ್ತು. ಏನೋ ನೆಪ ಮಾಡಿಕೊಂಡು ಹೋಗಿ ನೀರಿನ ಮಟ್ಟ ನೋಡಿ ಬರುತ್ತಿದ್ದ. ಅದು ತನ್ನ ಕೆಲಸವಲ್ಲ ಎಂದು ತಿಳಿದೂ ನೋಡುತ್ತಿದ್ದ.

ಏಪ್ರಿಲ್ ಕೊನೆಗೆ ಮೇಲಿನ ಪಂಪು ಕೆಟ್ಟು ಅವಳ ಒಂದು ತರಗತಿ ತಪ್ಪಿತು. ಮೇ ನಡುವಿನಲ್ಲಿ ಬ್ಯಾಜರ್ ಅನ್ನುವ ಬಿಲ ತೋಡುವ ಪ್ರಾಣಿ ದಂಡೆಗೆ ತೂತು ಕೊರೆದು, ಒಡಿಲಿಯಾ ಸೊಂಟದವರೆಗೆ ಕೆಸರಿನಲ್ಲಿ ನಿಂತು ಮರಳಚೀಲ ತುರುಕುವಷ್ಟರಲ್ಲಿ ಇನ್ನೊಂದೂ ಹೋಯಿತು. ಅಂದು ಆರ್ವಿಡ್ ತನ್ನ ಟ್ರ್ಯಾಕ್ಟರಿನಲ್ಲಿ ಎರಡು ಸಲ ಮಣ್ಣು ತಂದು ಸುರಿದ. ಅದು ಸಣ್ಣಂದಿನಿಂದ ಎಲ್ಲ ರೈತರೂ ಮಾಡುವ ಕೆಲಸ, ಉಪಕಾರವೇನಲ್ಲ.

"ಎಷ್ಟು ಸಲ ತಪ್ಪಿಸ್ಬಹುದು?" ಎಂದು ಕೇಳಿದ.

"ಎರಡು. ಮೂರನೇದಕ್ಕೆ ಹೆಸರು ಹೊಡೆದು ಹಾಕ್ತಾರೆ." ಅವಳು ಮುಂಗೈಯಿಂದ ಹಣೆಯ ಕೆಸರು ಒರೆಸಿಕೊಂಡಳು. ಹಣೆ ಇನ್ನಷ್ಟು ಕೆಸರಾಯಿತು. "ಕೇಳ್ಕೊಂಡೆ. ಮೇಷ್ಟ್ರು ಒಳ್ಳೇವ್ರೇ. 'ನರ್ಸಿಂಗ್ ಹುಡುಗೀರಿಗೂ ಇದೇ ನಿಯಮ, ಲಾರಿ ಓಡಿಸ್ತಾ ಓದೋನಿಗೂ ಇದೇ ನಿಯಮ, ನಿಮಗೆ ಹೇಗೆ ಬದಲಾಯಿಸ್ಲಿ?' ಅಂದ್ರು. ಅವರು ಹೇಳೋದೂ ಸರೀನೇ. ನಾನೂ ನಿಮಗೆ ಎರಡಂಗುಲ ಬಿಟ್ಟಿದ್ನಾ?"

ಆರ್ವಿಡ್ ಮೊದಲ ಸಲ ಆ ಮಾತಿಗೆ ಸಿಟ್ಟಾಗಲಿಲ್ಲ.

ಜೂನ್ ಎರಡನೇ ಗುರುವಾರ ಕೊನೆಯ ತರಗತಿ, ಅಂದೇ ಪ್ರಯೋಗ ಪರೀಕ್ಷೆ. ಬೆಳಿಗ್ಗೆ ಏಳಕ್ಕೆ ಪಶ್ಚಿಮದಿಂದ ಗಾಳಿ ಎದ್ದಿತು. ಎಂಟಕ್ಕೆ ಲೊವಿನಾ ಒಣಹಾಕಿದ್ದ ಬಟ್ಟೆ ಬೇಲಿ ದಾಟಿತ್ತು. ಆರ್ವಿಡ್ ಹಿಂದಿನ ದಿನ ಕೊಯ್ದು ಮಲಗಿಸಿದ್ದ ಹುಲ್ಲು ಹಾರುತ್ತಿದೆಯೇ ನೋಡಲು ಹೊರಬಂದವನು ಹುಲ್ಲು ಬಿಟ್ಟು ಕಾಲುವೆಯ ಕಡೆ ನಡೆದ. ಹೋದ ವರ್ಷದ ಒಣ ಮುಳ್ಳುಗಿಡಗಳು ಬುಡ ಕಿತ್ತುಕೊಂಡು, ಹಸುವಿನ ತಲೆಯಷ್ಟು, ಕೆಲವು ಹಸುವಿನಷ್ಟೇ ದೊಡ್ಡ ಉಂಡೆಗಳಾಗಿ ಬಯಲಿನ ತುಂಬ ಉರುಳಿ ಬರುತ್ತಿದ್ದವು. ದಂಡೆಗೆ ಬಂದು ಒಂದು ಕ್ಷಣ ಯೋಚಿಸಿದ ಹಾಗೆ ನಿಂತು, ಕಾಲುವೆಗೆ ಹಾರುತ್ತಿದ್ದವು. ನೀರು ಅವನ್ನು ಹೊತ್ತು ನೇರ ಜಾಲರಿಗೆ ತಂದು ಒತ್ತುತ್ತಿತ್ತು.

ಒಡಿಲಿಯಾ ಜಾಲರಿಯ ಮೇಲೆ ನಿಂತು ಹಲ್ಲುಗೋಲಿನಿಂದ ಮುಳ್ಳು ಎತ್ತಿ ಎಸೆಯುತ್ತಿದ್ದಳು. ಒಂದು ಎಸೆದರೆ ಎರಡು ಬರುತ್ತಿದ್ದವು. ಮೈಮೇಲೆ ಇಸ್ತ್ರಿ ಮಾಡಿದ ಅಂಗಿ, ಪರೀಕ್ಷೆಗೆಂದು ಹಾಕಿಕೊಂಡಿದ್ದಿರಬೇಕು.

"ಗಂಟೆ ಎಷ್ಟು?" ಎಂದು ಕೂಗಿದಳು.

"ಒಂಬತ್ತಕ್ಕೆ ಐದು ನಿಮಿಷ. ಹೊರಡು."

"ಹೇಗೆ ಹೊರಡ್ಲಿ? ಮೇಲಿನ ಕಾಲುವೆಯ ನೀರುಗಂಟಿಗೆ ಫೋನ್ ಮಾಡ್ದೆ, ಅವನ ಜಾಲರೀಲೂ ಇದೇ ಗತಿ. ಆಫೀಸಿಂದ ಯಾರಾದ್ರೂ ಬರೋಕೆ ಹನ್ನೊಂದಾಗತ್ತಂತೆ. ಇದು ಕಟ್ಕೊಂಡ್ರೆ ಅರ್ಧ ಗಂಟೇಲಿ ನೀರು ದಂಡೆ ಮೇಲೆ ಹರಿಯತ್ತೆ. ಕೆಳಗೆ ಹತ್ತೊಂಬತ್ತು ಜನಕ್ಕೆ ನೀರಿಲ್ಲ."

"ಹಲ್ಲುಗೋಲು ಇಲ್ಲಿ ಕೊಡು."

ಅವಳು ಕೊಡಲಿಲ್ಲ. "ರೈತರು ಮುಟ್ಟೋ ಹಾಗಿಲ್ಲ, ದೋನ್ ಆರ್ವಿಡ್. ನಿಮಗೇ ಗೊತ್ತು."

"ತೂಬು ಮುಟ್ಟೋ ಹಾಗಿಲ್ಲ. ಬೀಗ ಮುಟ್ಟೋ ಹಾಗಿಲ್ಲ. ಮುಳ್ಳುಗಿಡಾನೂ ನಿನ್ನ ಆಫೀಸಿನದಾ? ಅದು ನನ್ನ ಬಯಲಿಂದ ಬಂದಿದ್ದು. ನನ್ನ ಕಸ ನಾನು ಎತ್ಕೊಳ್ತೀನಿ."

ಗಾಳಿ ಇಬ್ಬರ ನಡುವೆ ಧೂಳು ಎಸೆಯಿತು. ಒಡಿಲಿಯಾ ಅವನನ್ನು ನೋಡಿದಳು. ಅವಳು ಏನನ್ನು ಅಳೆಯುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಕಾಲುವೆಯನ್ನು ಬಿಟ್ಟು ಹೋಗುವುದಾದರೆ ಈ ಉಪಕಾಲುವೆಯ ಮೂವತ್ತೆರಡು ಮಂದಿ ರೈತರಲ್ಲಿ ಅವಳು ಕೊನೆಗೆ ನಂಬಬೇಕಾದವನು ತಾನು. ಅವನು ಕಣ್ಣು ತಪ್ಪಿಸಲಿಲ್ಲ. ಒಳ್ಳೆಯವನಂತೆ ಮುಖವನ್ನೂ ಮಾಡಲಿಲ್ಲ.

ಅವಳು ಹಲ್ಲುಗೋಲು ಕೊಟ್ಟಳು. ಆಫೀಸಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ತಾನು ಹೋಗುತ್ತಿದ್ದೇನೆ, ಜಾಲರಿಯ ಹತ್ತಿರ ಟ್ವೈಟ್ ಇದ್ದಾರೆ, ಹನ್ನೊಂದಕ್ಕೆ ಆಳು ಕಳಿಸಿ. ಆಮೇಲೆ ಕೊಳವೆಯ ಗೋಡೆಗೆ ಬರೆದ ಅಳತೆಯ ಪಟ್ಟಿ ತೋರಿಸಿದಳು. "ಕೆಂಪು ಗೆರೆ ನೋಡಿ. ಅದನ್ನ ದಾಟಿದ್ರೆ ಆಫೀಸಿಗೆ ಫೋನ್ ಮಾಡಿ. ನೀರಿಗೆ ಮಾತ್ರ ಇಳೀಬೇಡಿ. ನಿಮ್ಮ ಹೆಂಡ್ತಿ ನನ್ನ ಕೊಲ್ತಾಳೆ."

"ಹೋಗೇ ಮಾರಾಯ್ತಿ."

ಬಿಳಿ ಗಾಡಿ ಧೂಳಿನಲ್ಲಿ ಮರೆಯಾಯಿತು.

ಮೊದಲ ಅರ್ಧ ಗಂಟೆ ಆರ್ವಿಡ್ ಹುಮ್ಮಸ್ಸಿನಿಂದ ಎತ್ತಿದ. ಚುಚ್ಚು, ತಿರುವು, ಎತ್ತು, ಗಾಳಿಯ ಕೆಳದಿಕ್ಕಿಗೆ ಎಸೆ. ಐವತ್ತು ವರ್ಷ ಹುಲ್ಲು ಎತ್ತಿದ ತೋಳಿಗೆ ಅದು ಪರಿಚಯದ ಲಯ. ಆದರೆ ಹುಲ್ಲು ತೂಕವಿದ್ದರೂ ಸೌಮ್ಯ. ಇದು ಹಗುರ, ಒದ್ದೆಯಾದರೆ ಭಾರ, ಮುಳ್ಳು ಬೇರೆ. ಹತ್ತು ಗಂಟೆಗೆ ಅವನ ಮುಂಗೈಗಳಲ್ಲಿ ರಕ್ತದ ಗೀರು ಮೂಡಿತ್ತು, ಉಸಿರು ಸೀಟಿ ಊದುತ್ತಿತ್ತು. ಕೆಂಪು ಗೆರೆಗೆ ಮೂರು ಬೆರಳು ಬಾಕಿ.

ಲೊವಿನಾ ಹುಡುಕಿಕೊಂಡು ಬಂದಳು. ಗಂಡನನ್ನು ನೋಡಿದಳು, ನೀರನ್ನು ನೋಡಿದಳು, ಮನೆಗೆ ಹಿಂತಿರುಗಿದಳು. ತೋಟದ ಕಬ್ಬಿಣದ ಕುಂಟೆ, ಚರ್ಮದ ಕೈಗವಸು, ಕಾಫಿ ಫ್ಲಾಸ್ಕು ಹಿಡಿದು ಮತ್ತೆ ಬಂದಳು.

"ಇಷ್ಟು ಹೊತ್ತು ಬರೀ ಕೈಲಿ ಮಾಡ್ತಿದ್ಯಾ? ಬುದ್ಧಿ ಇಲ್ವಾ?"

"ಇದ್ದಿದ್ರೆ ನಾನೂ ಕಾಲೇಜು ಮುಗಿಸ್ತಿದ್ದೆ."

ಹತ್ತೂವರೆಗೆ ದೊಡ್ಡ ಬೀಸು ಬಂತು. ಒಂದು ಮಂದೆಯ ಹಾಗೆ ಮುಳ್ಳುಗಿಡಗಳು ಒಟ್ಟಿಗೆ ಬಂದು ಬಿದ್ದವು. ಜಾಲರಿ ಮುಚ್ಚಿಹೋಯಿತು. ನೀರು ಗೊರಗೊರ ಸದ್ದು ನಿಲ್ಲಿಸಿ ಸುಮ್ಮನೆ ಏರತೊಡಗಿತು. ಕೆಂಪು ಗೆರೆ ಮುಳುಗಿತು. ಲೊವಿನಾ ಫೋನ್ ಮಾಡಿದಳು. ಆಳು ದಾರಿಯಲ್ಲಿದ್ದಾನೆ, ಇನ್ನು ಇಪ್ಪತ್ತು ನಿಮಿಷ ಎಂದರು.

"ದಂಡೆ ತಡೆಯಲ್ಲ, ಆರ್ವಿಡ್. ನಮ್ಮ ತೂಬು ತೆಗಿ. ನೀರು ನಮ್ಮ ಹೊಲಕ್ಕೆ ಹೋಗ್ಲಿ. ಸರಪಳಿ ಕತ್ತರಿಸೋ ಇಕ್ಕಳ ಟ್ರ್ಯಾಕ್ಟರಲ್ಲೇ ಇದೆ."

ಅದು ಸುಲಭವಾದ ದಾರಿ. ಒಂದು ಹಲಗೆ ಎತ್ತಿದರೆ ನೀರು ಅರ್ಧ ಅಡಿ ಇಳಿಯುತ್ತಿತ್ತು. ಕೊಯ್ದು ಮಲಗಿಸಿದ ಹುಲ್ಲು ನೆನೆದು ಕೊಳೆಯುತ್ತಿತ್ತು, ಅಷ್ಟೇ. ಹುಲ್ಲು ಹೋದರೆ ಹೋಗಲಿ. ಆದರೆ ಆರ್ವಿಡ್ ಬೇರೆಯದನ್ನು ಯೋಚಿಸಿದ.

"ಬೇಡ," ಎಂದ. "ಆಫೀಸಿನವನು ಬಂದು ನೋಡೋದೇನು? ಟ್ವೈಟನ ಸರಪಳಿ ಕತ್ತರಿಸಿದೆ, ಟ್ವೈಟನ ಹೊಲದಲ್ಲಿ ನೀರಿದೆ. ನಾನು ಏನೇ ಹೇಳಿದ್ರೂ ಯಾರು ನಂಬ್ತಾರೆ? ಕಳ್ಳನ ಕೈಗೆ ಕಾಲುವೆ ಕೊಟ್ಟು ಪರೀಕ್ಷೆ ಬರೆಯೋಕೆ ಹೋದ್ಳು ಅಂತಾರೆ ಅವಳನ್ನ. ಒಂಬತ್ತು ವರ್ಷ ಓದಿದ್ದು ಅಲ್ಲೇ ಮುಗೀತು."

ಮದುವೆಯಾಗಿ ಐವತ್ತೊಂದು ವರ್ಷದಲ್ಲಿ ಅವನು ನೀರು ಬೇಡ ಎಂದದ್ದನ್ನು ಲೊವಿನಾ ಕೇಳಿರಲಿಲ್ಲ. "ಸರಿ, ಹಾಗಾದ್ರೆ ಎತ್ತು," ಎಂದು ಕುಂಟೆ ಹಿಡಿದಳು.

ಅವಳು ಕುಂಟೆಯಿಂದ ಕೆಳಗಿನ ಪದರ ಎಳೆದು ಸಡಿಲಿಸಿದಳು, ಅವನು ಹಲ್ಲುಗೋಲು ಚುಚ್ಚಿ ಎತ್ತಿದ. ಮಧ್ಯ ಬಿಟ್ಟು ಒಂದು ಮೂಲೆಯನ್ನಷ್ಟೇ ಹಿಡಿದು ಬಿಡಿಸಿದರು. ಅಲ್ಲಿ ಒಂದು ಕೈಯಗಲ ಬಾಯಿ ತೆರೆದೊಡನೆ ನೀರು ತಾನೇ ಉಳಿದದ್ದನ್ನು ಜಗ್ಗತೊಡಗಿತು. ದಂಡೆಯ ತಗ್ಗಿನಲ್ಲಿ ಒಂದೆರಡು ಬೊಗಸೆ ನೀರು ಆಚೆ ಚೆಲ್ಲಿತು. ಆಮೇಲೆ ನಿಂತಿತು. ಆಮೇಲೆ ನಿಧಾನವಾಗಿ, ನೋಡುತ್ತ ನಿಂತರೆ ಕಾಣದಷ್ಟು ನಿಧಾನವಾಗಿ, ಒದ್ದೆ ಕೆಂಪು ಗೆರೆ ಮೇಲೆ ಬಂತು. ಆಫೀಸಿನ ಆಳು ಬಂದಾಗ ಇಬ್ಬರು ಮುದುಕರು ಬೆನ್ನಿಗೆ ಬೆನ್ನು ಕೊಟ್ಟು ದಂಡೆಯ ಮೇಲೆ ಕೂತು ಒಂದೇ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದರು. ಅವನು ಸರಪಳಿ ನೋಡಿದ, ಬೀಗ ಎಳೆದು ನೋಡಿದ, ಟೊಪ್ಪಿ ಮುಟ್ಟಿ ನಮಸ್ಕರಿಸಿ ತಾನೂ ಹಲ್ಲುಗೋಲು ತೆಗೆದುಕೊಂಡ. ಮಧ್ಯಾಹ್ನದ ಹೊತ್ತಿಗೆ ಗಾಳಿ ಸೋತಿತು.

ಒಡಿಲಿಯಾ ಎರಡು ಗಂಟೆಗೆ ಬಂದಳು. ಗಾಡಿಯಿಂದಿಳಿದವಳು ಮೊದಲು ನೋಡಿದ್ದು ನೀರಿನ ಮಟ್ಟ. ಆಮೇಲೆ ದಂಡೆಯ ಮೇಲೆ ಹುಲ್ಲಿನ ಮೆದೆಯ ಎತ್ತರಕ್ಕೆ ಬಿದ್ದಿದ್ದ ಮುಳ್ಳು. ಕೊನೆಗೆ, ಪಟ್ಟಿ ಕಟ್ಟಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಆರ್ವಿಡ್. ಸಾಕು ಮನೆಗೆ ನಡಿ ಎಂದು ಲೊವಿನಾ ಬೈದಿದ್ದರೂ ಅವನು ಎದ್ದಿರಲಿಲ್ಲ.

"ಏನಾಯ್ತು?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

"ನೀನು ಹೇಳು ಮೊದ್ಲು."

ಅವಳು ಪಕ್ಕದಲ್ಲಿ ಕೂತಳು. "ಮೇಷ್ಟ್ರು ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ತೊಟ್ಟಿ ಇಟ್ಟಿದ್ರು. ಪುಟಾಣಿ ಕಾಲುವೆ. ಈ ತುದೀಲಿ ನಲ್ಲಿ, ಆ ತುದೀಲಿ ಹಲಗೆ. 'ಹಲಗೆ ಮೇಲೆ ಎಷ್ಟು ನೀರು ಹರೀತಿದೆ ಕಂಡುಹಿಡೀರಿ' ಅಂದ್ರು."

ಆರ್ವಿಡ್ ಹೊಟ್ಟೆ ಹಿಡಿದುಕೊಂಡು ನಕ್ಕ. ಪಕ್ಕೆ ನೋಯಿತು.

"ನಗ್ಬೇಡಿ. ನಾನು ನೋಡಿದ ಕೂಡ್ಲೇ ಹೇಳ್ಬಿಟ್ಟೆ. ಅವರು ಅಳೆದು ನೋಡಿದ್ರು, ಸರಿಯಾಗಿತ್ತು. 'ಉತ್ತರ ಬೇಡ ಒಡಿಲಿಯಾ, ಅದು ಹೇಗೆ ಗೊತ್ತಾಯ್ತು ಅನ್ನೋದನ್ನ ಬರೀರಿ' ಅಂದ್ರು. ಇಪ್ಪತ್ತೊಂದು ವರ್ಷದಿಂದ ಕೋಲು ಇಳಿಬಿಟ್ಟು, ಆಫೀಸಿನವರು ಕೊಟ್ಟ ಲೆಕ್ಕದ ಪಟ್ಟಿ ನೋಡಿ ಹೇಳ್ತಾ ಬಂದಿದ್ದೀನಿ. ಆ ಪಟ್ಟಿಯಲ್ಲಿರೋ ಅಂಕಿ ಎಲ್ಲಿಂದ ಬಂತು ಅಂತ ಯಾವತ್ತೂ ಕೇಳಿರಲಿಲ್ಲ. ಇವತ್ತು ಕೂತು ಮೊದಲಿಂದ ಬರೆದೆ. ನೀರು ಯಾಕೆ ಹಲಗೆ ಹತ್ರ ಬಾಗತ್ತೆ, ಎಷ್ಟು ಹಿಂದೆ ನಿಂತು ಅಳೀಬೇಕು, ಯಾಕೆ ಎರಡು ಸಲ ಅಳೀಬೇಕು, ಎಲ್ಲಾ. ನಾಲ್ಕು ಪುಟ ಆಯ್ತು." ಅವಳ ದನಿ ಸಣ್ಣಗಾಯಿತು. "ಅಲ್ಲೇ ಓದಿದ್ರು. ಪಾಸು ಅಂದ್ರು. ಆ ದಾಖಲೆ ಕಿಟಕಿಯ ಹೆಂಗಸಿನ ಹತ್ರ ನಾನೇ ಚೀಟಿ ತಗೊಂಡು ಹೋದೆ. ಅವಳು ಕಂಪ್ಯೂಟರಲ್ಲಿ ಹಾಕಿ, ಎದ್ದು ಈಚೆ ಬಂದು ಅಪ್ಕೊಂಡ್ಳು. ಇನ್ನೇನೂ ಬಾಕಿ ಇಲ್ಲ."

ಲೊವಿನಾ ಇದ್ದಿದ್ದರೆ ಏನಾದರೂ ಸರಿಯಾದ ಮಾತು ಹೇಳುತ್ತಿದ್ದಳು. ನಾಲ್ಕು ಪುಟ, ಎಂದಷ್ಟೇ ಅಂದುಕೊಂಡ ಆರ್ವಿಡ್. ತಾನು ಜೀವಮಾನವೆಲ್ಲ ಜಗಳವಾಡಿದ ಎರಡು ಅಂಗುಲದ ಬಗ್ಗೆ ಈ ಹೆಂಗಸು ನಾಲ್ಕು ಪುಟ ಬರೆದಿದ್ದಾಳೆ.

"ಕೆಂಪು ಗೆರೆ ದಾಟಿತ್ತು," ಎಂದ ಕೊನೆಗೆ. "ಹತ್ತೂವರೆಗೆ. ಹತ್ತು ನಿಮಿಷ ಇರಬಹುದು. ಎರಡು ಬೊಗಸೆ ಚೆಲ್ತು. ತೂಬು ಮುಟ್ಲಿಲ್ಲ."

"ಗೊತ್ತು. ಆಫೀಸಿನವನು ದಾರೀಲೇ ಫೋನ್ ಮಾಡಿ ಹೇಳ್ದ." ಅವಳು ಅವನ ಪಟ್ಟಿ ಕಟ್ಟಿದ ಕೈ ನೋಡಿದಳು. "ಮೇಲ್ವಿಚಾರಕರ ಜಾಗದ ಅರ್ಜಿ ಸೋಮವಾರ ಮಂಡಳಿ ಮುಂದೆ ಬರತ್ತೆ. ಇನ್ನೂ ಮೂರು ಜನ ಇದ್ದಾರೆ. ಕೊಡ್ತಾರೋ ಇಲ್ವೋ."

"ನಾನೂ ಬರ್ತೀನಿ ಸೋಮವಾರ."

"ನನ್ನ ಪರವಾಗಿ ಮಾತಾಡೋಕಾ?"

"ಇಲ್ಲಪ್ಪ. ನೀನು ಮೇಲ್ವಿಚಾರಕಿ ಆದ್ರೆ ಈ ಉಪಕಾಲುವೆಯಲ್ಲಿ ಯಾರೂ ಒಂದು ಅಂಗುಲ ಕದಿಯೋಕಾಗಲ್ಲ ಅಂತ ದೂರು ಕೊಡೋಕೆ."

ಒಡಿಲಿಯಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎದ್ದು, ಇಸ್ತ್ರಿ ಅಂಗಿಯ ತೋಳು ಮಡಿಸಿ, ಗಾಡಿಯಿಂದ ಅಳತೆಕೋಲು ತೆಗೆದುಕೊಂಡಳು. ಕೆಳಗಿನ ಹತ್ತೊಂಬತ್ತು ತೂಬು ಇನ್ನೂ ನೋಡಬೇಕಿತ್ತು. ಆರ್ವಿಡ್ ಮಂಡಿಯ ಮೇಲೆ ಕೈಯೂರಿ ಮೆಲ್ಲಗೆ ಎದ್ದ.

"ನಾನೂ ಸ್ವಲ್ಪ ದೂರ ಬರ್ತೀನಿ ನಡಿ," ಎಂದ. "ಎರಡು ಸಲ ಯಾಕೆ ಅಳೀಬೇಕು ಅಂತ ಬರೆದ್ಯಲ್ಲ, ಅದನ್ನ ನನಗೂ ಒಂದು ಸಲ ಹೇಳು."

ಅವಳು ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಅವನ ಹೆಜ್ಜೆಗೆ ತಕ್ಕ ಹಾಗೆ ನಿಧಾನವಾಗಿ ನಡೆಯುತ್ತ, ಹೇಳತೊಡಗಿದಳು.